ಗುರುತಿನ ಕಾಲಂ

ಮುಳಗುಂದ ನಾಕಾದ ಹತ್ರ, ಝೆರಾಕ್ಸ್ ಅಂಗಡಿ ಮ್ಯಾಲ ನನ್ನ ಆಫೀಸು.
ಆಫೀಸಂದ್ರ ಒಂದು ಟೇಬಲ್ಲು, ಮೂರು ಕುರ್ಚಿ,
ಅದರಾಗ ಒಂದರ ಕಾಲು ಗಿಡ್ಡ.
ಇಪ್ಪತ್ತೆರಡು ವರ್ಷ ಎಮ್ಮಿ, ಎತ್ತು, ಟಂಟಂ,
ಒಂದು ಸಲ ಬ್ಯಾಂಡ್ ಕಂಪನಿಯವರ ತುತ್ತೂರಿ,
ಇಷ್ಟಕ್ಕ ವಿಮಾ ಮಾಡಿಸಿದಾಂವ ನಾನು.

ಮಂಗಳವಾರ ಮೂರರ ಸುಮಾರು
ಎರಡೆರಡು ಮೆಟ್ಟಲಾ ದಾಟಿ ಬಂದ್ಲು
ದ್ಯಾಮವ್ವ ಬಿಂಕದಕಟ್ಟಿ, ಐವತ್ಮೂರು ಕಿಲೋ,
ಹಿಂದ ಏದುಸಿರು ಬಿಡಕೋತ ಅವರಪ್ಪ.
‘ಬಲ್ಗೇರಿಯಾಕ್ಕ ಹೊಂಟೇನ್ರಿ ಕಾಕಾ, ಕುಸ್ತಿಗೆ.
ವಿಮಾ ಇಲ್ಲಂದ್ರ ವೀಸಾ ಇಲ್ಲಂತ.’

ಬಲ್ಗೇರಿಯಾ.
ನನ್ನ ಪಾಲಿಸಿ ಇಲ್ಲೀತನಕ ಅಣ್ಣಿಗೇರಿ ದಾಟಿದ್ದಿಲ್ಲ.

ಕನ್ನಡಕ ಏರಿಸಿ ಓದಿದೆ.
ಪೆಟಿಗಿ ತಡಾ ಆದ್ರ ಐತಿ, ಪಾಸ್‌ಪೋರ್ಟ್ ಕಳದ್ರ ಐತಿ,
ಹಲ್ಲು ನೋವಿಗೂ ಐತಿ.
ಹದಿನೇಳನೇ ಪುಟದಾಗ, ಸಾಸಿವಿಗಿಂತ ಸಣ್ಣ ಅಕ್ಷರ:
‘ಸ್ಪರ್ಧಾತ್ಮಕ ಕ್ರೀಡೆ, ಅದರ ತಾಲೀಮು,
ಅದರಿಂದ ಉಂಟಾದ ಯಾವುದೇ ಗಾಯ
ಹೊರತುಪಡಿಸಲಾಗಿದೆ.’

‘ಅಂದ್ರ, ಅಲ್ಲಿ ಬಚ್ಚಲದಾಗ ಜಾರಿ ಬಿದ್ರ ಕೊಡ್ತಾರ?’
ಕೊಡ್ತಾರ.
‘ಯಾರರ ಎತ್ತಿ ಒಗದ್ರ?’
ಕೊಡೂದಿಲ್ಲ.
‘ನಾ ಬಚ್ಚಲಾ ನೋಡಾಕ ಹೊಂಟಿಲ್ರಿ.’

ಹುಬ್ಬಳ್ಳಿ ಶಾಖೆಗೆ ಫೋನ್ ಹಚ್ಚಿದೆ.
ಹೊಸಾ ಹುಡುಗ, ಬಾಯಾಗ ಏನೋ ಅಗೀತಿದ್ದ.
‘ಸರ್, ಸುಮ್ನ ಪ್ರವಾಸ ಅಂತ ಬರದ್ಬಿಡ್ರಿ,
ವೀಸಾಕ್ಕ ಅಷ್ಟ ಸಾಕು. ಯಾರು ಕೇಳ್ತಾರ?’

ಯಾರು ಕೇಳ್ತಾರ.
ನಾನೂ ಅಂದಿದ್ದೆ ಒಮ್ಮೆ, ಹರ್ಲಾಪುರದ ಮೌಲಾಸಾಬಗ.
ಎಮ್ಮಿ ಕಿವಿಯಾಗಿನ ಹಳದಿ ಬಿಲ್ಲೆ ಬಿದ್ದು ಹೋಗಿತ್ತು,
ಇರಲಿ ಬಿಡ್ರಿ, ಮುಂದಿನ ವಾರ ಹೊಡಿಯೂಣು.
ಶುಕ್ರವಾರ ಎಮ್ಮಿ ಸತ್ತಿತು. ಕೇಳಿದ್ರು.
ಬಿಲ್ಲೆ ಇಲ್ಲಂದ್ರ ಎಮ್ಮೀನ ಇಲ್ಲ ಅಂದ್ರು.
ಮೌಲಾಸಾಬ ಏನೂ ಅನ್ನಲಿಲ್ಲ. ಬಜಾರದಾಗ ಕಂಡ್ರ
ಈಗೂ ನನಗ ಚಾ ಕುಡಿಸ್ತಾನ.
ಅದು ಗಂಟಲದಾಗ ಇಳಿಯೂದಿಲ್ಲ.

‘ಕುಸ್ತಿ ಅಂತನ ಬರೀರಿ.’
ಫೋನಿನ ಮಾತು ಆಕಿಗೂ ಕೇಳಿಸಿತ್ತು.

ಕ್ರೀಡೆ ಸೇರಿಸಿದ್ದಕ್ಕ ಹದಿನೆಂಟುನೂರಾ ನಲವತ್ತು ಹೆಚ್ಚಿಗಿ.
ಅವರಪ್ಪ ಒಳಕಿಸೆದಾಗಿಂದ ತಗದು
ಎಣಿಸಿದ, ಮತ್ತ ಎಣಿಸಿದ.
‘ಗೆದ್ರ ಇದು ವಾಪಸ್ ಬರತೈತೇನ್ರಿ?’
ಇಲ್ಲ.
‘ಸೋತ್ರ?’
ಇಲ್ಲ. ಮುರಕೊಂಡ್ರ ಅಷ್ಟ.
ರೊಕ್ಕಾ ಟೇಬಲ್ ಮ್ಯಾಲಿಟ್ಟ, ಸ್ವಲ್ಪೊತ್ತು ಕೈ ತಗೀಲಿಲ್ಲ.

ಆಮ್ಯಾಲ ಗುರುತಿನ ಕಾಲಂ.
ಕೂದಲಾ ಸರಿಸಿ ಎಡಗಿವಿ ತೋರಿಸಿದ್ಲು.
ನಾದಿ ಮರತುಬಿಟ್ಟ ಹಿಟ್ಟಿನ ಮುದ್ದಿ ಹಂಗ,
ಚಾಪಿಗೆ, ಮಂದಿ ಮೊಣಕೈಗೆ
ಎಂಟು ವರ್ಷ ತಿಕ್ಕಿ ತಿಕ್ಕಿ ಕಲ್ಲಾಗಿತ್ತು.
ನನ್ನ ಕೈ ತಂತಾನ ಡ್ರಾವರ್ ಕಡೆ ಹೋತು.
ಅಲ್ಲೇ ಇತ್ತು ಬಿಲ್ಲೆ ಹೊಡಿಯೂ ಇಕ್ಕಳ, ತುಕ್ಕು ಹಿಡದು.
ಮುಚ್ಚಿದೆ.

‘ಹಳೇ ಗಾಯ ಅಂತ ಬರೀಬೇಕಾಗತೈತವಾ.’
‘ಗಾಯ ಅಂತ ಬ್ಯಾಡ್ರಿ. ಗುರುತು ಅಂತ ಬರೀರಿ.’
ಎರಡೂ ಕಡೆ ಬರದೆ.
ಅಷ್ಟರ ಕಲ್ತೇನಿ.

ಸೋಫಿಯಾದಾಗ ಮೊದಲ ಸುತ್ತಿಗೇ ಚಿತ್ ಆದ್ಲಂತ,
ಒಂದು ನಿಮಿಷ ಹತ್ತು ಸೆಕೆಂಡು.
ಮೈಮ್ಯಾಲ ಒಂದು ಗೀರಿಲ್ಲ.
ಹೋಗೂಮುಂದ ಪೆಟಿಗಿ ಇಸ್ತಾಂಬುಲ್‌ದಾಗ ಉಳದು
ಬೂಟು ಅದರಾಗ ಸಿಕ್ಕಿದ್ದುವು,
ಯಾರೋ ಮಂಗೋಲಿಯಾದ ಹುಡುಗಿ ಬೂಟು ಕಟ್ಟಿಕೊಂಡು ಇಳದಿದ್ಲು.
‘ಬೂಟು ದೊಡ್ಡೂವು ಅಂತ ನಾ ಅನ್ನೂದಿಲ್ರಿ,
ಆಕಿ ಜ್ವಾರ ಇದ್ಲು.’

ಪೆಟಿಗಿ ತಡಾ ಆದದ್ದಕ್ಕ ಕ್ಲೇಮು ಬಂತು,
ಒಂಬತ್ತು ಸಾವಿರದ ಆರನೂರು.
ನನ್ನ ಕೈಯಿಂದ ಹೊಳಿ ದಾಟಿ ಹೋಗಿ ಬಂದ ಮೊದಲ ರೊಕ್ಕ.

ಗಿರ್ಮಿಟ್ ಕಟ್ಟಿಸಿಕೊಂಡು ಬಂದಿದ್ಲು ಮೂವರಿಗೆ.
ಎರಡು ಕುರ್ಚಿ ನಾನು, ಅವರಪ್ಪ ಹಿಡದಿದ್ವಿ,
ಆಕಿ ಗಿಡ್ಡ ಕಾಲಿನದರ ಮ್ಯಾಲ ಕುಂತು ತಿಂದ್ಲು.
ಮೆಣಸಿನಕಾಯಿ ಕಡದ್ಲು, ನಕ್ಕಳು, ಬೈದ್ಲು.
ಕುರ್ಚಿ ಅಳ್ಳಾಡಲಿಲ್ಲ.